ಸೆಕೆಂಡ್ ಹ್ಯಾಂಡ್ ಕಾರು ಆಯಿಲ್ ಕುಡಿಯುತ್ತಿದೆ, ಫುಲ್ ಇಂಜಿನ್ ಕೆಲಸ ಮಾಡಿಸಲೇಬೇಕಾ?

ಬಿಚ್ಚಿಸಬೇಡಿ, ಈಗಲೇ ಬೇಡ. ನೀವು ಬರೆದಿರೋದು ಇಷ್ಟು: ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು, ಕೊಂಡು ಮೂರು ತಿಂಗಳಾಗಿದೆ, ನೆಲಕ್ಕೆ ಒಂದು ಹನಿಯೂ ಬೀಳಲ್ಲ, ಆದರೂ ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಆಯಿಲ್ ಖಾಲಿ. ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ "ಬೋರ್ ಹೋಗಿದೆ, ಫುಲ್ ಇಂಜಿನ್ ಕೆಲಸ" ಅಂದಿದ್ದಾರೆ. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ಬಾನೆಟ್ ಎತ್ತಿದ ಮಾತ್ರಕ್ಕೆ ಅದು ಸವೆದಿರೋದು ಯಾರ ಕಣ್ಣಿಗೂ ಕಾಣಲ್ಲ. ಇದೇ ಕಾಯಿಲೆಯ ಕಾರನ್ನು ನಾನು ತೀರ್ಥಹಳ್ಳಿಯಲ್ಲಿ ಎರಡು ವರ್ಷ ಓಡಿಸಿದೆ, ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಕೊಟ್ಟೆ. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಗಟ್ಟಿ ಮಾಡಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಿ, ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ಹಾಕಿ ಮೀಟರ್ ಬರೆದಿಟ್ಟುಕೊಳ್ಳಿ. 500 ಕಿ.ಮೀ. ಆದಮೇಲೆ ಮತ್ತೆ ಅದೇ ಗೆರೆಗೆ ತರಲು ಎಷ್ಟು ಹಿಡಿಯಿತು ಅಂತ ಅಳೆಯಿರಿ. ಗೆರೆ ದಾಟಿ ಮಾತ್ರ ಹಾಕಬೇಡಿ. ಹೆಚ್ಚಾದ ಆಯಿಲನ್ನು ಇಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕ್ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತೆ, ಆ ನೊರೆ ಇಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಲ್ಲಿ ಹೋಗಿ ಇಂಜಿನ್ನಿನಲ್ಲೇ ಸುಡುತ್ತೆ. ಇನ್ನೊಂದು ಮಾತು: ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಕೂರಬೇಡಿ. ಹೆಚ್ಚಿನ ಕಾರುಗಳಲ್ಲಿ ಅದು ಆಯಿಲ್ ಪ್ರೆಶರಿನ ದೀಪ, ಮಟ್ಟದ ದೀಪ ಅಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗ್‌ಗಳು ಒಣಗಿ ಓಡುತ್ತಿರುತ್ತವೆ.

ಆಮೇಲೆ ಪಿಸಿವಿ ವಾಲ್ವ್, ಅಂದರೆ ಇಂಜಿನ್ ಒಳಗೆ ಸೇರುವ ಗಾಳಿ, ಆವಿಯನ್ನು ಮತ್ತೆ ಸುಡಲು ಕಳಿಸುವ ವಾಲ್ವ್. ಇದು ಕಟ್ಟಿಕೊಂಡರೂ ಆಯಿಲ್ ಖಾಲಿಯಾಗುತ್ತೆ. ಬಹಳಷ್ಟು ಕಾರುಗಳಲ್ಲಿ ಇದು ಇಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಮೇಲೆ ಚುಚ್ಚಿದ ಬೆರಳುದ್ದದ ಸಾಮಾನು. ಕಿತ್ತು ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನಬೇಕು. ಅನ್ನದಿದ್ದರೆ ಕಟ್ಟಿಕೊಂಡಿದೆ, ಹೊಸದು ಹಾಕಿ. ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗದ್ದು ಯಾವುದೂ ಇಲ್ಲ.

ಈಗ ಹೊಗೆ. ನೀಲಿ ಹೊಗೆ ಅಂದರೆ ಆಯಿಲ್, ಕಪ್ಪು ಅಂದರೆ ಪೆಟ್ರೋಲ್ ಹೆಚ್ಚು. ಬಣ್ಣಕ್ಕಿಂತ ಅದು ಯಾವಾಗ ಬರುತ್ತೆ ಅನ್ನೋದು ಮುಖ್ಯ. ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ಬಿಟ್ಟು ಸುಮ್ಮನಾಗುತ್ತಿತ್ತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಇಳಿದು, ಸೋಮೇಶ್ವರದಲ್ಲಿ ಕಾಲು ಒತ್ತಿದ ಕೂಡಲೇ ಹಿಂದೆ ಬರುವವರು ಕಾಣದಷ್ಟು ಹೊಗೆ. ಇವೆರಡೂ ವಾಲ್ವ್ ಸೀಲು, ಅಂದರೆ ವಾಲ್ವಿನ ಕಡ್ಡಿಯಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಸೀಲು, ಹೋಗಿರುವುದರ ಲಕ್ಷಣ. ಇಳಿಯುವಾಗ ಗಾಳಿ ಬಿಡುವ ಥ್ರಾಟಲ್ ಮುಚ್ಚಿರುವುದರಿಂದ ಇಂಜಿನ್ ಒಳಗೆ ಜೋರಾಗಿ ಎಳೆಯುತ್ತೆ, ಗಟ್ಟಿಯಾದ ರಬ್ಬರ್ ಸೀಲಿನ ಸಂದಿಯಲ್ಲಿ ಆಯಿಲ್ ಇಳಿಯುತ್ತೆ. ಹತ್ತುವಾಗ, ಭಾರ ಎಳೆಯುವಾಗ ಒಂದೇ ಸಮ ಹೊಗೆ ಬಂದರೆ ಅನುಮಾನ ಪಿಸ್ಟನ್ ಸುತ್ತ ಇರುವ ರಿಂಗಿನ ಮೇಲೆ.

ನಾನು ಸೀಲು ಅಂತ ನಂಬಿ ಹೆಡ್ (ವಾಲ್ವುಗಳಿರುವ ಇಂಜಿನ್ನಿನ ಮೇಲ್ಭಾಗ) ಇಳಿಸಿ ಹೊಸ ಸೀಲು ಹಾಕಿಸಿದೆ. ಬೆಳಗಿನ ಹೊಗೆ ನಿಂತಿತು. ಆದರೆ 900 ಕಿ.ಮೀ.ಗೆ ಒಂದು ಲೀಟರ್ ಹೋಗುತ್ತಿದ್ದದ್ದು 1,100 ಕಿ.ಮೀ.ಗೆ ಒಂದು ಲೀಟರ್ ಆಯಿತು, ಅಷ್ಟೇ. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಪಿಸ್ಟನ್ ಒತ್ತುವ ಗಾಳಿಯ ಒತ್ತಡ, ಅದಕ್ಕೆ ಮುಂಚೆಯೇ ಗೇಜ್ ಹಾಕಿ ನೋಡಿದ್ದೆವು, ನಾಲ್ಕು ಸಿಲಿಂಡರಿನಲ್ಲೂ 160ರಿಂದ 170 ಪಿಎಸ್‌ಐ. ಆಯಿಲ್ ಮುಚ್ಚಳ ತೆಗೆದರೆ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ದಾಟಿ ಬರುವ ಗಾಳಿ, ಕೂಡ ಹೊಡೆಯುತ್ತಿರಲಿಲ್ಲ. "ರಿಂಗ್ ಚೆನ್ನಾಗಿದೆ" ಅಂದರು ಮೆಕ್ಯಾನಿಕ್, ನಾನೂ ಒಪ್ಪಿದೆ. ಎಡವಿದ್ದು ಅಲ್ಲೇ.

ಪಿಸ್ಟನ್ನಿಗೆ ಮೂರು ರಿಂಗ್. ಮೇಲಿನ ಎರಡು ಮುಖ್ಯವಾಗಿ ಕಂಪ್ರೆಷನ್ ಹಿಡಿಯುತ್ತವೆ. ಮೂರನೆಯದು ಆಯಿಲ್ ರಿಂಗ್, ಗೋಡೆಗೆ ಅಂಟಿದ ಆಯಿಲನ್ನು ಹೆರೆದು, ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಕಳಿಸೋದು ಅದರ ಕೆಲಸ. ಹಿಂದಿನ ಮಾಲೀಕರು ಆಯಿಲ್ ಬದಲಿಸದೆ ಓಡಿಸಿದ್ದರೆ ಆ ತೂತುಗಳಲ್ಲಿ ಕಾರ್ಬನ್ ಕೂತು, ರಿಂಗು ಅಂಟಿಕೊಳ್ಳುತ್ತೆ. ಮೇಲಿನವೆರಡು ಸರಿ ಇರುವುದರಿಂದ ಗೇಜಿನಲ್ಲಿ ಏನೂ ಗೊತ್ತಾಗಲ್ಲ. ಗೋಡೆಯ ಮೇಲೆ ಆಯಿಲ್ ಹೆಚ್ಚಾಗಿ ನಿಂತರೆ ರೀಡಿಂಗ್ ಇನ್ನೂ ಚೆನ್ನಾಗಿಯೇ ಬರಬಹುದು. ಹಾಗಾಗಿ ಕಂಪ್ರೆಷನ್ ಕಡಿಮೆ ಬಂದು, ಪ್ಲಗ್ಗಿನ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟಾಗ ಏರಿದರೆ ಮೇಲಿನ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಕಂಪ್ರೆಷನ್ ಚೆನ್ನಾಗಿದ್ದೂ ಆಯಿಲ್ ಹೋಗುತ್ತಿದ್ದರೆ ಸೀಲು, ಆಯಿಲ್ ರಿಂಗ್ ಎರಡರ ಮೇಲೂ ಕಣ್ಣಿಡಿ. ಟೆಸ್ಟ್ ಮಾಡುವಾಗ ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲಿ. ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ, ಯಾವ ಸಿಲಿಂಡರಿನದು ಕಪ್ಪಗೆ ಒದ್ದೆಯಾಗಿದೆಯೋ ಆಯಿಲ್ ಹೋಗುತ್ತಿರೋದು ಅಲ್ಲೇ.

ಆಯಿಲ್ ರಿಂಗ್ ಅನ್ನಿಸಿದರೆ ಬಿಚ್ಚುವ ಮುಂಚೆ ಕಾರ್ಬನ್ ಕರಗಿಸುವ ದ್ರವವನ್ನು ಪ್ಲಗ್ಗಿನ ತೂತುಗಳಲ್ಲಿ ಬಿಟ್ಟು ರಾತ್ರಿ ನೆನೆಸಿಡಿ. ಬೆಳಿಗ್ಗೆ ಪ್ಲಗ್ ಹಾಕುವ ಮೊದಲು ತೂತುಗಳಿಗೆ ಬಟ್ಟೆ ಹೊದಿಸಿ ಇಂಜಿನ್ ತಿರುಗಿಸಿ, ಉಳಿದ ದ್ರವ ಹೊರಗೆ ಚಿಮ್ಮಲಿ. ಒಳಗೆ ದ್ರವ ಇದ್ದಹಾಗೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಆಮೇಲೆ ಆಯಿಲ್, ಫಿಲ್ಟರ್ ಬದಲಿಸಲೇಬೇಕು. ನನಗೆ ಎರಡು ಸಲ ಮಾಡಿದ ಮೇಲೆ 1,300 ಕಿ.ಮೀ.ಗೆ ಒಂದು ಲೀಟರ್ ಆಯಿತು, ಸಾಕಾಗಲಿಲ್ಲ. ಕೊನೆಗೆ ಹೆಡ್ ಎರಡನೇ ಸಲ ಇಳಿಸಿ, ಚೇಂಬರ್ ಬಿಚ್ಚಿ, ಪಿಸ್ಟನ್ ಹೊರಗೆ ತೆಗೆದೆವು. ನಾಲ್ಕರಲ್ಲಿ ಮೂರು ಪಿಸ್ಟನ್ನಿನ ತೂತು ಪೂರ್ತಿ ಮುಚ್ಚಿತ್ತು.

ಆ ಹಂತಕ್ಕೆ ಬಂದರೆ ಲೇತಿನವರ ಹತ್ತಿರ ಬೋರನ್ನು ಡಯಲ್ ಗೇಜಿನಲ್ಲಿ ಅಳೆಸಿ: ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ. ಸವೆತ ಮ್ಯಾನ್ಯುಯಲ್ ಹೇಳುವ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿಸಿ (ಕಲ್ಲಿನಿಂದ ಬೋರಿನ ಗೋಡೆ ತೆಳ್ಳಗೆ ಉಜ್ಜಿಸಿ) ಹೊಸ ರಿಂಗ್ ಸೆಟ್ ಹಾಕಿದರೆ ಆಯಿತು. ನನಗೆ ಅಷ್ಟೇ ಬೇಕಾಗಿದ್ದದ್ದು. ಮಿತಿ ಮೀರಿದ್ದರೆ ಮಾತ್ರ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ನಿಗೆ ತಕ್ಕಂತೆ ಬೋರ್ ಅಗಲ ಮಾಡುವ ಬೋರಿಂಗ್. ಆ ಸೈಜಿನ ಪಿಸ್ಟನ್ ನಿಮ್ಮ ಮಾಡೆಲ್ಲಿಗೆ ಸಿಗುತ್ತೋ ಇಲ್ಲವೋ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಮೊದಲೇ ವಿಚಾರಿಸಿ.

ಹೋನಿಂಗ್ ಆದಮೇಲೆ ಬೋರನ್ನು ಸೋಪು, ಬಿಸಿನೀರು ಹಾಕಿ ಉಜ್ಜಿ ತೊಳೆಯಲೇಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಇರಬೇಕು. ಬರೀ ಪೆಟ್ರೋಲಿನಲ್ಲಿ ಒರೆಸಿದರೆ ಕಲ್ಲಿನ ಪುಡಿ ಗೀರುಗಳಲ್ಲಿ ಉಳಿದು ಹೊಸ ರಿಂಗನ್ನೇ ತಿನ್ನುತ್ತೆ. ನಾನು ಪಕ್ಕದಲ್ಲೇ ನಿಂತು ಮೂರು ಸಲ ತೊಳೆಸಿದೆ. ಅವರಿಗೆ ಬೇಜಾರಾಯಿತು, ಆದರೂ ನಿಂತೆ. ನೀವೂ ನಿಲ್ಲಿ.

ನಿಮ್ಮದು ಸಾವಿರಕ್ಕೆ ಕಾಲು ಲೀಟರಿಗೆ ಇಳಿದರೆ ಇಂಜಿನ್ ಮುಟ್ಟಬೇಡಿ, ಡಿಕ್ಕಿಯಲ್ಲಿ ಒಂದು ಲೀಟರ್ ಇಟ್ಟುಕೊಂಡು ಓಡಿಸಿ. ಮುಕ್ಕಾಲು ಲೀಟರಿನಲ್ಲೇ ನಿಂತರೆ ಹಾಗೆ ಬಿಡಬೇಡಿ, ಸುಟ್ಟ ಆಯಿಲ್ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತೆ. ಯಾರಾದರೂ ಗುಜರಿಯಿಂದ ಇಂಜಿನ್ ತಂದು ಕೂರಿಸೋಣ ಅಂದರೆ, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಿಸಬೇಕಾಗುತ್ತೆ ಅನ್ನೋದು ನೆನಪಿರಲಿ.

ನಾಲ್ಕು ಸಿಲಿಂಡರಿನ ಒಣ ರೀಡಿಂಗ್, ಆಯಿಲ್ ಬಿಟ್ಟ ಮೇಲಿನ ರೀಡಿಂಗ್, ಹೊಗೆ ಯಾವಾಗ ಬರುತ್ತೆ ಅನ್ನೋದು, ಮೂರನ್ನೂ ಬರೆದು ತಿಳಿಸಿ. ಅಲ್ಲಿಯವರೆಗೆ ಗ್ಯಾರೇಜಿಗೆ ಅಡ್ವಾನ್ಸ್ ಕೊಡಬೇಡಿ.