ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್) ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ‘ಟಕ್’ ಅಂದು ಸುಮ್ಮನಾಗುತ್ತೆ. ಮೆಕ್ಯಾನಿಕ್ ಸ್ಟಾರ್ಟರ್ ಮೋಟರ್ ಹೋಗಿದೆ ಅಂತಾರೆ, ಬದಲಿಸಬೇಕಾ? ಕೈಗೆ ಕಟ್ಟುವ ಹಗ್ಗದ ಕ್ಲಿಪ್ (ಸವಾರ ಬಿದ್ದರೆ ಎಂಜಿನ್ ಆಫ್ ಮಾಡುವುದು) ಕಾರಣ ಇರಬಹುದಾ?

ಮೋಟರ್‌ಗೆ ಇನ್ನೂ ದುಡ್ಡು ಕೊಡಬೇಡಿ. ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ, ಐನೂರು ರೂಪಾಯಿದಾದರೂ ಸಾಕು.

ನಾನು ಹಾಸನದಲ್ಲಿ ಆಟೋ ಎಲೆಕ್ಟ್ರಿಷಿಯನ್. ದಿನಾ ಕೈಗೆ ಬರುವುದು ಟ್ರ್ಯಾಕ್ಟರ್, ಟಿಲ್ಲರ್, ಪಿಕಪ್ ಗಾಡಿಗಳು. ಜೆಟ್ ಸ್ಕೀ ನನ್ನ ಕಸುಬಲ್ಲ. ಆದರೆ ನೀವು ಬರೆದಿರುವ ಕಥೆಯನ್ನೇ ಎರಡು ವರ್ಷದ ಹಿಂದೆ ಒಬ್ಬ ಗೆಳೆಯ ಟ್ರೇಲರ್ ಮೇಲೆ ಹೇರಿಕೊಂಡು ಬಂದಿದ್ದ. ಸೆಕೆಂಡ್ ಹ್ಯಾಂಡ್ ಮೆಷಿನ್. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ರೌಂಡ್ ಹೊಡೆದು ನಿಲ್ಲಿಸಿ ಮತ್ತೆ ಬಟನ್ ಒತ್ತಿದರೆ ‘ಟಕ್’, ಅಷ್ಟೇ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಬ್ಯಾಟರಿ ಹೊಸದು, ರಿಲೇ (ಬಟನ್ ಒತ್ತಿದಾಗ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಹೊಸದು, ಇನ್ನು ಮೋಟರ್ ಒಂದು ಬಾಕಿ. ನಿಮ್ಮದೂ ಇದೇ ಅಲ್ವಾ?

ಬಂದು ಹೋಗುವ ಫಾಲ್ಟ್‌ನ ಕಷ್ಟ ಏನೆಂದರೆ, ಮೆಕ್ಯಾನಿಕ್ ಹತ್ತಿರ ಹೋದಾಗ ಅದು ಇರುವುದಿಲ್ಲ. ಗಾಡಿ ಟ್ರೇಲರ್ ಮೇಲೆ ತಣ್ಣಗೆ ಬಂದಿರುತ್ತದೆ, ಒತ್ತಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಅವರೂ ಪಾಪ ಏನು ಮಾಡಬೇಕು? ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾರೆ. ಹಾಗಾಗಿ ಮೀಟರ್ ಹಿಡಿಯಬೇಕಾದದ್ದು ನೀರಿನ ದಡದಲ್ಲಿ, ಅದು ಕೈಕೊಟ್ಟ ಆ ಕ್ಷಣದಲ್ಲೇ.

ನಾವು ಮಾಡಿದ್ದೂ ಅದನ್ನೇ. ಗೆಳೆಯನ ತೋಟ ಹೇಮಾವತಿ ನದಿಯ ಗೊರೂರು ಡ್ಯಾಮಿನ ಹಿನ್ನೀರಿನ ಪಕ್ಕ, ಶೆಟ್ಟಿಹಳ್ಳಿಯ ಹಳೇ ಚರ್ಚ್ ಇದೆಯಲ್ಲ, ಆ ಕಡೆ. ಒಂದು ಭಾನುವಾರ ಅವನು ಇಪ್ಪತ್ತು ನಿಮಿಷ ಓಡಿಸಿ ದಡಕ್ಕೆ ತಂದ. ಆಫ್ ಮಾಡಿದ. ಸೀಟ್ ತೆಗೆದು ಐದು ನಿಮಿಷ ಹಾಗೇ ಬಿಟ್ಟೆವು. ಇದು ಸುಮ್ನೆ ಹೇಳುತ್ತಿಲ್ಲ. ಸೀಟಿನ ಕೆಳಗೆ ಎಂಜಿನ್ ಕೂತಿರುವ ಆ ಹೊಟ್ಟೆಯೊಳಗೆ ಪೆಟ್ರೋಲ್ ಆವಿ ನಿಂತಿರಬಹುದು, ಮೂಗಿಗೆ ವಾಸನೆ ಬಂದರೆ ಯಾವ ಟೆಸ್ಟೂ ಬೇಡ. ಇನ್ನೊಂದು ಮಾತು. ಟ್ರ್ಯಾಕ್ಟರ್‌ಗೆ ಮಾಡುವ ಹಾಗೆ ಸ್ಕ್ರೂಡ್ರೈವರ್ ಇಟ್ಟು ರಿಲೇ ಶಾರ್ಟ್ ಮಾಡಿ ನೋಡುವ ಚಟ ನಮ್ಮ ಕಡೆ ಎಲ್ಲರಿಗೂ ಇದೆ, ನನಗೂ ಇದೆ. ಇಲ್ಲಿ ಮಾತ್ರ ಅದನ್ನು ಮಾಡಲೇಬೇಡಿ, ಕಿಡಿ ಹಾರುತ್ತದೆ. ಟ್ರ್ಯಾಕ್ಟರ್ ಬಯಲಲ್ಲಿರುತ್ತದೆ, ಇದು ಮುಚ್ಚಿದ ಡಬ್ಬಿ. ಕಾರಿನ ರಿಲೇ ತಂದು ಕೂರಿಸುವುದೂ ತಪ್ಪು, ಕಾರಣ ಅದೇ ಕಿಡಿ.

ಆಮೇಲೆ ಅವನು ಬಟನ್ ಒತ್ತಿದ. ‘ಟಕ್’. ಸದ್ಯ, ಫಾಲ್ಟ್ ಬಂತು ಅಂತ ನನಗೆ ಖುಷಿ. ಅವನ ಮುಖ ಸಪ್ಪೆ.

ಮೀಟರ್‌ನ ಎರಡೂ ಕಡ್ಡಿ ಬ್ಯಾಟರಿ ಮೇಲೆ. ಕೇಬಲ್ ತುದಿಯ ಲೋಹದ ಲಗ್ ಮೇಲಲ್ಲ, ಬ್ಯಾಟರಿಯದೇ ಪೋಸ್ಟ್ ಮೇಲೆ. ಸುಮ್ಮನಿದ್ದಾಗ 12.5 ವೋಲ್ಟ್. ಚಾರ್ಜ್ ಫುಲ್ ಇದ್ದರೆ 12.6 ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ, ಇದು ಪರವಾಗಿಲ್ಲ. ಬಟನ್ ಒತ್ತಿಯೇ ಹಿಡಿದಾಗ 12.2. ಇಲ್ಲಿ ನಿಲ್ಲಿ, ಇಡೀ ಪ್ರಶ್ನೆಗೆ ಉತ್ತರ ಈ ನಂಬರ್‌ನಲ್ಲಿದೆ. ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟರ್, ನಿಜವಾಗಿ ಕರೆಂಟ್ ಎಳೆಯುತ್ತಿದ್ದರೆ ಬ್ಯಾಟರಿ ಹತ್ತೋ ಹನ್ನೊಂದೋ ವೋಲ್ಟ್‌ಗೆ ಇಳಿಯಲೇಬೇಕು. ಇಳಿಯಲಿಲ್ಲ ಅಂದರೆ ಬೇಕಾದಷ್ಟು ಕರೆಂಟ್ ಹೋಗುತ್ತಿಲ್ಲ, ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸಿದವರಿಗೆ ಇದು ಗೊತ್ತು. ಪೈಪ್ ಮಧ್ಯೆ ಕಸ ಕಟ್ಟಿದ್ದರೆ ಪಂಪ್ ಹತ್ತಿರದ ಗೇಜ್ ಫುಲ್ ಪ್ರೆಶರ್ ತೋರಿಸುತ್ತದೆ, ಆ ತುದಿಯಲ್ಲಿ ಸ್ಪ್ರಿಂಕ್ಲರ್ ತಿರುಗುವುದೇ ಇಲ್ಲ.

ಆಮೇಲೆ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮೇಲೆ, ಇನ್ನೊಂದು ಎಂಜಿನ್‌ನ ಬರಿ ಲೋಹದ ಮೇಲೆ. ಬಟನ್ ಒತ್ತಿದ. ಇಲ್ಲಿ 0.2, ಹೆಚ್ಚೆಂದರೆ 0.3 ವೋಲ್ಟ್ ಬರಬೇಕು. ಬಂದದ್ದು 11ರ ಹತ್ತಿರ. ಅಂದರೆ ಬ್ಯಾಟರಿಯ ಬಲವೆಲ್ಲ ನೆಗೆಟಿವ್‌ನಿಂದ ಎಂಜಿನ್‌ಗೆ ಹೋಗುವ ಆ ಕಪ್ಪು ಅರ್ತ್ ಕೇಬಲ್‌ನಲ್ಲೇ ಮುಗಿದುಹೋಗುತ್ತಿತ್ತು.

“ಆ ಕೇಬಲ್ ಚೆಕ್ ಮಾಡಿದ್ದಾರೆ ಕಣೋ, ಮೀಟರ್ ಬೀಪ್ ಅಂತು” ಅಂದ ಗೆಳೆಯ. ಬೀಪ್ ಅನ್ನುತ್ತದೆ, ಸುಳ್ಳಲ್ಲ. ತಂತಿ ತುಂಡಾಗಿದೆಯಾ ಅಂತ ನೋಡುವ ಈ ಕಂಟಿನ್ಯುಟಿ ಟೆಸ್ಟ್‌ನಲ್ಲಿ ಮೀಟರ್ ಕಳಿಸುವುದು ಚಿಟಿಕೆ ಕರೆಂಟ್, ಅರ್ಧ ಓಮ್ ತಡೆ ಇದ್ದರೂ ಅದಕ್ಕೆ ಲೆಕ್ಕವೇ ಅಲ್ಲ. ಆದರೆ ಇಂಥ ಎಂಜಿನ್ ತಿರುಗಿಸಲು ಸೆಲ್ಫ್‌ಗೆ 100 ಆಂಪಿಯರ್‌ಗೂ ಜಾಸ್ತಿ ಬೇಕು. 12 ವೋಲ್ಟ್‌ನಲ್ಲಿ ಅರ್ಧ ಓಮ್ ದಾಟಿ ಹೋಗುವುದು ಹೆಚ್ಚೆಂದರೆ 24 ಆಂಪಿಯರ್. ರಿಲೇ ‘ಟಕ್’ ಅನ್ನಲು ಒಂದೆರಡು ಆಂಪಿಯರ್ ಸಾಕು, ಅದಕ್ಕೇ ಟಕ್ ಸದ್ದು ಕೇಳುತ್ತದೆ, ಮೋಟರ್ ಅಲುಗುವುದಿಲ್ಲ. ಸೆಲ್ಫ್ ಲೈನ್‌ನಲ್ಲಿ ಬೀಪ್ ಟೆಸ್ಟ್ ನಂಬಬೇಡಿ. ಲೋಡ್ ಕೊಟ್ಟೇ ಅಳೆಯಬೇಕು.

ಆ ಕೇಬಲ್ ಬಿಚ್ಚಿದೆ. ಬೋಲ್ಟ್ ಟೈಟಾಗೇ ಇತ್ತು. ಲಗ್ ಮೇಲೆ ಯಾರೋ ಉಪ್ಪುಕಾಗದ ಹಾಕಿ ತಿಕ್ಕಿ ಫಳಫಳ ಮಾಡಿದ್ದರು. ಲಗ್ ಹಿಂದಿನ ಕಪ್ಪು ಸ್ಲೀವ್ ಮುಟ್ಟಿದರೆ ಬಿಸಿ. ಬ್ಲೇಡ್‌ನಲ್ಲಿ ಸ್ಲೀವ್ ಸೀಳಿದೆ. ಒಳಗೆ ತಾಮ್ರವೇ ಕಾಣಲಿಲ್ಲ, ಬರೀ ಹಸಿರು ಕಿಲುಬು. ಬೆರಳಲ್ಲಿ ತಿಕ್ಕಿದರೆ ಪುಡಿಪುಡಿಯಾಗಿ ಉದುರಿತು, ಎಳೆಗಳು ಹುಲ್ಲಿನ ಕಡ್ಡಿ ಹಾಗೆ ಮುರಿದವು. ಮಧ್ಯದಲ್ಲಿ ನಾಲ್ಕೈದು ಎಳೆ ಮಾತ್ರ ಗಟ್ಟಿ. ತಣ್ಣಗಿದ್ದಾಗ ಹೇಗೋ ಒಂದಕ್ಕೊಂದು ತಾಗಿಕೊಂಡು ಕೆಲಸ ಮಾಡುತ್ತಿದ್ದವು. ಎಂಜಿನ್ ನಿಲ್ಲಿಸಿದ ಮೇಲೆ ಅದರ ಬಿಸಿ ಮುಚ್ಚಿದ ಹೊಟ್ಟೆಯೊಳಗೇ ಕೂತು ಆ ಜಾಯಿಂಟ್ ಸಡಿಲ ಮಾಡುತ್ತಿತ್ತು.

ನಮ್ಮ ಹೇಮಾವತಿ ನೀರಿಗೆ ಇಷ್ಟು ಕಿಲುಬು ಹಿಡಿಯುವುದಿಲ್ಲ, ಸಿಹಿನೀರು. ಆ ಮೆಷಿನ್ ಮೊದಲು ಕರಾವಳಿಯಲ್ಲಿ ಓಡಿದ್ದು, ಉಪ್ಪು ಅಲ್ಲಿಂದಲೇ ಬಂದಿತ್ತು. ನಮ್ಮ ಕಡೆಯ ಕೊಡುಗೆ ಏನೆಂದರೆ ಮಳೆಗಾಲ ಪೂರ್ತಿ ಶೆಡ್‌ನಲ್ಲಿ ಟಾರ್ಪಾಲ್ ಮುಚ್ಚಿ ಇಟ್ಟದ್ದು. ಆ ತೇವಕ್ಕೆ ಉಪ್ಪು ಕೂತಲ್ಲೇ ತಿಂದಿತ್ತು. ನಿಮ್ಮದೂ ಸಮುದ್ರದ ಕಡೆಯಿಂದ ಬಂದದ್ದಾದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆಯೇ.

ಹೊಸ ಕೇಬಲ್ ಹಳೆಯದಕ್ಕಿಂತ ತೆಳುವಾಗಿರಬಾರದು. ತವರದ ಲೇಪ ಇರುವ ತಾಮ್ರದ ಎಳೆ ಸಿಕ್ಕರೆ ಒಳ್ಳೆಯದು. ಲಗ್ ಸರಿಯಾದ ಟೂಲ್‌ನಲ್ಲಿ ಒತ್ತಿಸಿ, ಸುತ್ತಿಗೆ ಏಟು ಬೇಡ. ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಗ್ರೀಸ್ ಹಚ್ಚುವುದು ಬೋಲ್ಟ್ ಟೈಟ್ ಮಾಡಿದ ಮೇಲೆ, ಹೊರಗಿನಿಂದ. ಬ್ಯಾಟರಿ ಬಿಚ್ಚುವಾಗ ಕಪ್ಪು ಮೊದಲು, ಹಾಕುವಾಗ ಕಪ್ಪು ಕೊನೆಗೆ.

ನಿಮ್ಮ ಅರ್ತ್ ರೀಡಿಂಗ್ ಸರಿ ಇದ್ದರೆ ಕೆಂಪು ಕಡೆಗೆ ಬನ್ನಿ. ಬ್ಯಾಟರಿ ಪಾಸಿಟಿವ್ ಪೋಸ್ಟ್‌ನಿಂದ ಸ್ಟಾರ್ಟರ್‌ನ ದಪ್ಪ ಬೋಲ್ಟ್‌ಗೆ ಇದೇ ರೀತಿ ಅಳೆಯಿರಿ. ಬಟನ್ ಒತ್ತದಿದ್ದಾಗ ಅಲ್ಲಿ 12 ತೋರಿಸುತ್ತದೆ, ಗಾಬರಿ ಬೇಡ, ರಿಲೇ ತೆರೆದಿರುತ್ತದೆ. ಒತ್ತಿದಾಗ ಅರ್ಧ ವೋಲ್ಟ್ ಒಳಗೆ ಬರಬೇಕು. ಅದೂ ಸರಿ, ಅರ್ತ್ ಕೂಡ ಸರಿ, ಆದರೂ ತಿರುಗುತ್ತಿಲ್ಲ ಅಂದರೆ ಆಗ ಮೋಟರ್ ಬಿಚ್ಚಿಸಿ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ.

ಉಲ್ಟಾ ಆದರೆ, ಅಂದರೆ ಒತ್ತಿದ ಕೂಡಲೇ ಬ್ಯಾಟರಿಯೇ ಆರೇಳು ವೋಲ್ಟ್‌ಗೆ ಕುಸಿದರೆ, ಪದೇ ಪದೇ ಒತ್ತಬೇಡಿ. ಬ್ಯಾಟರಿ ಡೌನ್ ಇರಬಹುದು, ಮೋಟರ್ ಜಾಮ್ ಆಗಿರಬಹುದು, ಸಿಲಿಂಡರ್‌ಗೆ ನೀರು ಹೋಗಿರಲೂಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಒತ್ತಾಯ ಮಾಡಿದರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ಬಿಚ್ಚಿ ನೋಡಿಸಿ. ಮನೆಯಲ್ಲಿ ಪೈಪ್ ಹಾಕಿ ತೊಳೆಯುವಾಗ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಇದನ್ನು ಉಲ್ಟಾ ಮಾಡಿದರೆ ನೀರು ಸೈಲೆನ್ಸರ್ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಗೆಳೆಯ ಉಲ್ಟಾ ಮಾಡುತ್ತಿದ್ದ, ಅದೃಷ್ಟಕ್ಕೆ ಏನೂ ಆಗಿರಲಿಲ್ಲ.

ಕೈಗೆ ಕಟ್ಟುವ ಹಗ್ಗದ ಕ್ಲಿಪ್ ಬಗ್ಗೆಯೂ ಕೇಳಿದ್ದೀರಿ. ಅದು ಲೂಸ್ ಇದ್ದರೆ ಸಾಮಾನ್ಯವಾಗಿ ‘ಟಕ್’ ಸದ್ದೂ ಬರುವುದಿಲ್ಲ, ಹಾಗಾಗಿ ಸದ್ಯಕ್ಕೆ ಬಿಡಿ.

ಟೆಸ್ಟ್‌ಗೆ ಇಬ್ಬರು ಬೇಕು, ಒಬ್ಬರು ಬಟನ್‌ಗೆ, ಒಬ್ಬರು ಮೀಟರ್‌ಗೆ. ಮಧ್ಯದಲ್ಲಿ ಅಕಸ್ಮಾತ್ ಸ್ಟಾರ್ಟ್ ಆಗಿಬಿಟ್ಟರೆ ಕೂಡಲೇ ಆಫ್ ಮಾಡಿ. ಮೊಣಕಾಲುದ್ದ ನೀರಲ್ಲಿ ಓಡಿಸಿದರೆ ಅಡಿಯ ಮರಳು, ಕಲ್ಲು ಎಲ್ಲ ಜೆಟ್ ಪಂಪ್ ಒಳಗೆ. ಮೂರೂ ರೀಡಿಂಗ್ ತೆಗೆದು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ. ಬೆಳಗ್ಗೆ ತಣ್ಣಗಿದ್ದಾಗ ಅಳೆದದ್ದು ಬೇಡ, ‘ಟಕ್’ ಅಂದಾಗಿನದೇ ಬೇಕು.