ಗೆಡ್ಡೆಯೊಳಗೆ ಟಿ ಕೋಶ ಇದ್ದರೆ ಅಣ್ಣ ಉಳೀತಾನಾ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ಅಣ್ಣನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ಆಪರೇಷನ್ ಆಗಿದೆ. ಗೆಡ್ಡೆಯೊಳಗೆ ರೋಗನಿರೋಧಕ ಕೋಶಗಳು ಸೇರಿಕೊಂಡಿವೆ ಅಂತ ರಿಪೋರ್ಟಿನಲ್ಲಿದೆ. ಇದು ಒಳ್ಳೆಯದಾ? ಇಮ್ಯುನಿಟಿ ಪುಡಿ ಕೊಟ್ಟು ಕೀಮೋ ಬಿಡಬಹುದಾ?

ಸಂಪಾದಕರ ಉತ್ತರ:

ನೋಡಿ ಅಕ್ಕಾ, ಕೀಮೋ ಮಾತ್ರ ಬಿಡಿಸಬೇಡಿ. 2018ರಲ್ಲಿ ಪ್ರಕಟವಾದ ಫ್ರಾನ್ಸ್-ಕೆನಡಾ ಅಧ್ಯಯನದಲ್ಲಿ, ಆಪರೇಷನ್ ಆದಮೇಲೆ ಹಲವು ಔಷಧ ಸೇರಿದ ಫೋಲ್ಫಿರಿನಾಕ್ಸ್ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ 54 ತಿಂಗಳು ದಾಟಿದರು. ಜೆಮ್‌ಸಿಟಬಿನ್ ಅನ್ನುವ ಕೀಮೋ ಔಷಧ ಒಂದನ್ನೇ ಪಡೆದವರಲ್ಲಿ ಅದು 35 ತಿಂಗಳು. ಪುಡಿಗಳಿಗೆ ಇಂಥ ಯಾವ ಪುರಾವೆಯೂ ಇಲ್ಲ, ಕೆಲವು ಪುಡಿಗಳು ಲಿವರನ್ನೂ ಕೆಡಿಸುತ್ತವೆ.

ಇನ್ನು ಕೋಶಗಳ ವಿಷಯ. ಎಷ್ಟಿವೆ ಅನ್ನುವುದಕ್ಕಿಂತ ಯಾವುವು, ಎಲ್ಲಿವೆ ಅನ್ನುವುದು ಮುಖ್ಯ. ಸಿಡಿ8 ಟಿ ಕೋಶಗಳು ಅನ್ನುವ ರೋಗನಿರೋಧಕ ಕೋಶಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲವು. ಅವು ಗೆಡ್ಡೆಯೊಳಗೆ ಜಾಸ್ತಿ ಇದ್ದವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ ಅಂತ ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಆದರೆ ನಿಯಂತ್ರಕ ಟಿ ಕೋಶಗಳು, ಎಂ2 ಬಗೆಯ ಮ್ಯಾಕ್ರೋಫೇಜ್‌ಗಳು ಇದೇ ರೋಗನಿರೋಧಕ ಪಡೆಯವೇ ಆದರೂ ಆ ದಾಳಿಯನ್ನೇ ತಡೆಯುತ್ತವೆ, ಅವು ತುಂಬಿಕೊಂಡಿದ್ದರೆ ಸುದ್ದಿ ಅಷ್ಟು ಒಳ್ಳೆಯದಲ್ಲ. ಹಾಗಿರುವಾಗ ಸುಮ್ನೆ 'ಇಮ್ಯುನಿಟಿ ಹೆಚ್ಚಿಸ್ತೀವಿ' ಅನ್ನುವವರು ಯಾವ ಕೋಶವನ್ನು ಹೆಚ್ಚಿಸುತ್ತಾರೆ, ಕೇಳಿ ನೋಡಿ. ಜೊತೆಗೆ ಈ ಕ್ಯಾನ್ಸರ್ ತನ್ನ ಸುತ್ತ ದಪ್ಪ ನಾರಿನ ಅಂಗಾಂಶ ಬೆಳೆಸಿಕೊಳ್ಳುತ್ತದೆ. ತುಂಬಿದ ಲೋಕಲ್ ಹತ್ತಲಾಗದೆ ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರಲ್ಲ, ಹಾಗೆ ಎಷ್ಟೋ ಟಿ ಕೋಶಗಳು ಅಂಚಿನಲ್ಲೇ ಉಳಿಯುತ್ತವೆ.

ಆದರೆ ಇದೆಲ್ಲ ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು. ಈ ಕ್ಯಾನ್ಸರಿನ ಹಂತ ನಿರ್ಧರಿಸುವಾಗ ಡಾಕ್ಟರು ಈ ಕೋಶಗಳ ಲೆಕ್ಕ ಹಿಡಿಯುವುದಿಲ್ಲ. ಆ ಒಂದು ಸಾಲಿನಿಂದ ನಿಮ್ಮ ಅಣ್ಣನ ಆಯುಷ್ಯ ಅಳೆಯಲು ಹೋಗಬೇಡಿ, ಅದು ಒಳ್ಳೆಯದಿದ್ದರೂ, ಕೆಟ್ಟದ್ದಿದ್ದರೂ.

ಡಾಕ್ಟರನ್ನು ಎರಡು ವಿಷಯ ಕೇಳಿ. ಒಂದು, ಎಂಎಸ್ಐ ಪರೀಕ್ಷೆ, ಅಂದರೆ ಗೆಡ್ಡೆಯ ಕೋಶಗಳಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ನೋಡುವುದು. ಅದು 'ಹೈ' ಬರುವುದು ನೂರರಲ್ಲಿ ಒಬ್ಬರಿಗೆ ಅಷ್ಟೇ. ಆದರೆ ಬಂದರೆ, ರೋಗ ಮರಳಿದಾಗ ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೋಥೆರಪಿಗೆ (ದೇಹದ ರೋಗನಿರೋಧಕ ಕೋಶಗಳನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ) ದಾರಿ ಇರುತ್ತದೆ. ಉಳಿದವರಲ್ಲಿ ಆ ಔಷಧ ಒಂದೇ ಕೊಟ್ಟರೆ ಅಷ್ಟಾಗಿ ಕೆಲಸ ಮಾಡಿಲ್ಲ. ಇನ್ನೊಂದು, ಬಿಆರ್‌ಸಿಎ ಜೀನ್ ಪರೀಕ್ಷೆ. ಈ ಜೀನ್‌ನಲ್ಲಿ ದೋಷವಿದ್ದರೆ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚು. ಅಣ್ಣನಿಗೆ ಹುಟ್ಟಿನಿಂದಲೇ ಆ ದೋಷವಿದೆ ಅಂತ ಗೊತ್ತಾದರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಒಡಹುಟ್ಟಿದವರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ.