ಫೋಟಾನ್ ಎಂದರೆ ಅಲೆಯ ಹಾಗೆ ಕುಣಿಯುತ್ತಾ ಹೋಗುವ ಪುಟ್ಟ ಚೆಂಡಾ?

ಒಂದು ಪಾಠದಲ್ಲಿ ಬೆಳಕು ಅಲೆ ಅನ್ನುತ್ತಾರೆ, ಮುಂದಿನದರಲ್ಲೇ ಫೋಟಾನ್ ಅನ್ನುತ್ತಾರೆ, ಹಾಗಾದರೆ ಫೋಟಾನ್ ಅಂದರೆ ಮೇಲೆ ಕೆಳಗೆ ಕುಣಿಯುತ್ತಾ ಹೋಗುವ ಪುಟ್ಟ ಚೆಂಡಾ ಅಂತ ಕೇಳಿದ್ದೀರಿ. ಅಲ್ಲ. ಪುಸ್ತಕದಲ್ಲಿ ಹಾವಿನ ಹಾಗೆ ಬಳುಕುವ ಬಾಣ ಬರೆದಿರುತ್ತಾರಲ್ಲ, ಮೊದಲು ಆ ಚಿತ್ರ ಮರೆತುಬಿಡಿ. ನನಗೂ ಅದರಿಂದ ಹೊರಬರಲು ವರ್ಷಗಳೇ ಹಿಡಿದವು.

ಹಳೆಯ ಫೋಟೋ ಸ್ಟುಡಿಯೋದ ಡಾರ್ಕ್ ರೂಮಿನಿಂದ ಶುರು ಮಾಡೋಣ. ಕಪ್ಪು ಬಿಳುಪು ಫೋಟೋ ತೊಳೆಯುವಾಗ ಒಳಗೆ ಒಂದು ಕೆಂಪು ಬಲ್ಬ್ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಫೋಟೋ ಕಾಗದ ಹಿಡಿದು ಕೆಲಸ ಮಾಡಿದರೂ ಕಾಗದ ಹಾಳಾಗುತ್ತಿರಲಿಲ್ಲ. ಯಾರಾದರೂ ಒಂದು ಕ್ಷಣ ಬಾಗಿಲು ತೆರೆದರೋ, ಮುಗಿಯಿತು.

ಬೆಳಕು ಬರೀ ಅಲೆಯಾಗಿದ್ದರೆ ಹೀಗಾಗಬಾರದು. ಅಲೆ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಹೋಗುತ್ತದೆ. ಹೊತ್ತು ಜಾಸ್ತಿಯಾದಷ್ಟೂ ಕೆಂಪು ಬೆಳಕೂ ಸಾಕಷ್ಟು ಕೂಡಿಹಾಕಬೇಕಿತ್ತು, ಅಲ್ವಾ? ಆದರೆ ಬೆಳಕು ಶಕ್ತಿಯನ್ನು ಕೊಡುವುದು ಇಡೀ ಗಂಟಾಗಿ. ಕೊಟ್ಟರೆ ಒಂದು ಗಂಟು, ಇಲ್ಲದಿದ್ದರೆ ಏನೂ ಇಲ್ಲ. ಅರ್ಧ ಗಂಟು ಅಂತ ಇಲ್ಲ. ಆ ಗಂಟೇ ಫೋಟಾನ್. ಗಂಟಿನ ಗಾತ್ರ ಬಣ್ಣಕ್ಕೆ, ಅಂದರೆ ಆವೃತ್ತಿಗೆ (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದಕ್ಕೆ) ತಕ್ಕಂತೆ ಇರುತ್ತದೆ. ಕಡು ಕೆಂಪಿನದು ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ (ಇಷ್ಟು ಪುಟ್ಟ ಶಕ್ತಿಯನ್ನು ಅಳೆಯುವ ಮಾನ), ನೇರಳೆಯದು ಸುಮಾರು 3.1. ಕಾಗದಕ್ಕೆ ಬಳಿದ ಬೆಳ್ಳಿಯ ಲವಣದಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಕೆಂಪು ಗಂಟು ಸಾಲದು. ಬಲ್ಬ್ ಪ್ರಖರವಾದರೆ ಗಂಟುಗಳ ಸಂಖ್ಯೆ ಹೆಚ್ಚುತ್ತದೆ, ಗಾತ್ರ ಹೆಚ್ಚುವುದಿಲ್ಲ.

ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ಇದನ್ನೇ. ಫೋಟಾನ್ ಎಂಬ ಹೆಸರು ಚಾಲ್ತಿಗೆ ಬಂದದ್ದು 1926ರ ನಂತರ.

ಹೆಚ್ಚಿನವರು ವಿವರಣೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇದು ಸಾಕಾಗುವುದಿಲ್ಲ. ಬೆಳಕು ಅಲೆಯೇ, ಗಂಟಾಗಿ ತೆಗೆದುಕೊಳ್ಳುವುದು ಪರಮಾಣುವಿನ ಸ್ವಭಾವ ಅಂತಲೂ ವಾದಿಸಬಹುದು. ಆ ವಾದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು 1986ರಲ್ಲಿ, ಪ್ಯಾರಿಸ್ ಹತ್ತಿರದ ಓರ್ಸೆಯಲ್ಲಿ. ಗ್ರಾಂಜಿಯೇ, ರೋಜೆ, ಆಸ್ಪೆ ಎಂಬ ಮೂವರು ಕ್ಯಾಲ್ಸಿಯಂ ಪರಮಾಣುಗಳಿಂದ ಒಂದೊಂದೇ ಫೋಟಾನ್ ಬರುವ ಹಾಗೆ ಮಾಡಿದರು. ಅದನ್ನು ಅರೆಗನ್ನಡಿಗೆ ಬಿಟ್ಟರು. ಅರ್ಧ ಬೆಳಕು ದಾಟಿಹೋಗುತ್ತದೆ, ಅರ್ಧ ತಿರುಗುತ್ತದೆ. ಎರಡೂ ಕಡೆ ಒಂದೊಂದು ಡಿಟೆಕ್ಟರ್, ಅಂದರೆ ಬೆಳಕು ಸಿಕ್ಕಾಗ ಟಿಕ್ ಅನ್ನುವ ಉಪಕರಣ. ಅಲೆಯಾದರೆ ಎರಡು ಪಾಲಾಗಿ, ಕೆಲವು ಸಲವಾದರೂ ಎರಡೂ ಕಡೆ ಒಟ್ಟಿಗೆ ಟಿಕ್ ಅನ್ನಬೇಕು. ಹಾಗೆ ಒಟ್ಟಿಗೆ ಟಿಕ್ ಅಂದದ್ದು ಅಲೆಯ ಲೆಕ್ಕ ಹೇಳುವ ಕನಿಷ್ಠಕ್ಕಿಂತಲೂ ತುಂಬಾ ಕಡಿಮೆ. ಫೋಟಾನ್ ಸಿಕ್ಕರೆ ಒಂದೇ ಕಡೆ, ಇಡಿಯಾಗಿ.

ಹಾಗಾದರೆ ಚೆಂಡೇ ಆಯ್ತಲ್ಲ ಅನ್ನಿಸುತ್ತದೆ. ಆದರೆ ಅವರು ಅದೇ ಬೆಳಕಿನ ಎರಡು ದಾರಿಗಳನ್ನು ಮತ್ತೆ ಕೂಡಿಸಿ ನೋಡಿದರು. ಆಗ ಟಿಕ್‌ಗಳ ಎಣಿಕೆಯಲ್ಲಿ ಅಲೆಗಳಿಗೆ ಮಾತ್ರ ಬರುವ ಏರಿಳಿತ ಸ್ಪಷ್ಟವಾಗಿ ಮೂಡಿತು! ಒಂದೊಂದೇ ಫೋಟಾನ್ ಹೋಗುತ್ತಿದ್ದರೂ ಎರಡೂ ದಾರಿಗಳ ಉದ್ದ ಲೆಕ್ಕಕ್ಕೆ ಬರುತ್ತಿತ್ತು. ಚೆಂಡಿಗೆ ಇದು ಆಗದ ಮಾತು. ಯಾವ ದಾರಿಯಲ್ಲಿ ಹೋಯಿತು ಎಂದು ಪತ್ತೆ ಮಾಡಿದರೆ ಆ ಏರಿಳಿತ ಮಾಯವಾಗುತ್ತದೆ. ಈ ವಿಷಯ ನೆನೆದಾಗಲೆಲ್ಲ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ವ್ಯತ್ಯಾಸ ಇರುವುದು ಇಲ್ಲಿ. ಹಳೆಯ ಲೆಕ್ಕದಲ್ಲಿ ಅಲೆಯ ಎತ್ತರ, ಆ ಜಾಗದಲ್ಲಿ ಎಷ್ಟು ಶಕ್ತಿ ಇದೆ ಎಂದು ಹೇಳುತ್ತದೆ. ಫೋಟಾನ್ ವಿಷಯದಲ್ಲಿ ಅಲ್ಲಿ ಟಿಕ್ ಆಗುವ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ.

ದಿನನಿತ್ಯ ಇದು ಗೊತ್ತಾಗದಿರಲು ಕಾರಣ ಸಂಖ್ಯೆ. 1 ಮಿಲಿವ್ಯಾಟ್‌ನ ಕೆಂಪು ಲೇಸರ್ ಪಾಯಿಂಟರ್ ಸೆಕೆಂಡಿಗೆ ಸುಮಾರು 3,000 ಲಕ್ಷ ಕೋಟಿ ಫೋಟಾನ್ ಸುರಿಸುತ್ತದೆ. ಮೂಟೆಯಿಂದ ಅಕ್ಕಿ ಸುರಿದಾಗ ಧಾರೆಯಷ್ಟೇ ಕಾಣುವ ಹಾಗೆ. ಇನ್ನು 100 ಮೆಗಾಹರ್ಟ್ಸ್‌ನ ಎಫ್‌ಎಂ ರೇಡಿಯೋದ ಒಂದು ಫೋಟಾನ್ ಕೆಂಪು ಫೋಟಾನಿಗಿಂತ 40 ಲಕ್ಷ ಪಟ್ಟಿಗೂ ಹೆಚ್ಚು ಚಿಕ್ಕದು. ಅದಕ್ಕೇ ಆಂಟೆನಾ ಕಟ್ಟುವವರು ಫೋಟಾನ್ ಎಣಿಸದೆ, ಅಲೆಯ ಲೆಕ್ಕ ಹಿಡಿದೇ ಕೆಲಸ ಮುಗಿಸುತ್ತಾರೆ.